ಹೆಲಿಕೋನಿಯಾ: ನಿಮ್ಮ ಹಿತ್ತಲಿಗೆ ಹೊಂದುವುದು ಯಾವುದು?

ಹೆಲಿಕೋನಿಯಾ ಬೇಕೆಂದು ನರ್ಸರಿಗೆ ಹೋಗುವವರು ಸಾಮಾನ್ಯವಾಗಿ ಒಂದೇ ಹೂವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ: ಕೆಂಪು ಮೈ, ಹಳದಿ ತುದಿ, ಜಡೆಯ ಹಾಗೆ ಕೆಳಕ್ಕೆ ಇಳಿಬಿದ್ದ ಉದ್ದನೆಯ ಗೊಂಚಲು. ಅದು ರೋಸ್ಟ್ರಾಟಾ ಎಂಬ ಜಾತಿ. ಚೆಲುವಿನಲ್ಲಿ ಅದಕ್ಕೆ ಎಣೆಯಿಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ 30×40 ಸೈಟಿನಲ್ಲಿ ಮನೆ ಕಟ್ಟಿ, ಕಾಂಪೌಂಡಿನ ಒಳಬದಿಗೆ ಎರಡಡಿ ಅಗಲದ ಮಣ್ಣು ಉಳಿಸಿಕೊಂಡವರಿಗೆ ಅದು ತಪ್ಪು ಗಿಡ. ಆಳೆತ್ತರ ಮೀರಿ ಬೆಳೆಯುತ್ತದೆ. ವರ್ಷ ಕಳೆಯುವವರೆಗೆ ಹೂವಿಲ್ಲ. ಹೂ ಬರುವ ಹೊತ್ತಿಗೆ, ಓಡಾಡಲು ಅಡ್ಡವಾಗುತ್ತದೆಂದು ಅರ್ಧ ದಿಂಡುಗಳನ್ನು ಮನೆಯವರೇ ಕಡಿದು ಹಾಕಿರುತ್ತಾರೆ. ಅದೇ ಜಾಗದಲ್ಲಿ ಗಿಡ್ಡ ಜಾತಿಯೊಂದನ್ನು ನೆಟ್ಟಿದ್ದರೆ ಆರೇ ತಿಂಗಳಲ್ಲಿ ಹೂ ಕೊಯ್ಯಬಹುದಿತ್ತು.

ಹೆಲಿಕೋನಿಯಾ ಆರಿಸುವಾಗ ಹೂವಿನ ಬಣ್ಣವನ್ನು ಕೊನೆಗೆ ನೋಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ಎತ್ತರ, ಆಮೇಲೆ ಗೆಡ್ಡೆ ನೆಲದೊಳಗೆ ಹರಡುವ ರೀತಿ, ಅದಾದ ಮೇಲೆ ಬಿಸಿಲು ಮತ್ತು ನೀರು. ಇಷ್ಟು ಹೊಂದಿದರೆ ಬಣ್ಣ ಯಾವುದಾದರೂ ಅಂಗಳ ತುಂಬುತ್ತದೆ. ಇಷ್ಟು ಹೊಂದದಿದ್ದರೆ ಎಂಥ ಬಣ್ಣದ ಗಿಡ ತಂದರೂ ಹರಿದ ಎಲೆಗಳೇ ಗತಿ.

ಎತ್ತರವನ್ನು ಮೊದಲು ಏಕೆ ನೋಡಬೇಕು

ಹೆಲಿಕೋನಿಯಾ ಬಾಳೆ, ಶುಂಠಿ, ಅರಿಶಿನ, ಕ್ಯಾನಾಗಳ ಹತ್ತಿರದ ಬಂಧು. ಸುಮಾರು 200 ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಮಧ್ಯ ಮತ್ತು ದಕ್ಷಿಣ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳವು. ಬೆರಳೆಣಿಕೆಯಷ್ಟು ಮಾತ್ರ ಪೆಸಿಫಿಕ್ ದ್ವೀಪಗಳವು. ಬಾಳೆ ಬೆಳೆಸಿ ಗೊತ್ತಿದ್ದವರಿಗೆ ಹೆಲಿಕೋನಿಯಾ ಅರ್ಧ ಗೊತ್ತಿದ್ದಂತೆಯೇ. ಕಾಂಡವೆಂದು ಕಾಣುವುದು ಎಲೆಯ ತೊಟ್ಟುಗಳು ಒಂದರೊಳಗೊಂದು ಸುತ್ತಿಕೊಂಡ ದಿಂಡು. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಗೆಡ್ಡೆಯಿಂದ ಕಂದು ಏಳುತ್ತದೆ, ಕಂದು ತನ್ನ ಪಾಲಿನ ಎಲೆಗಳನ್ನು ಮುಗಿಸಿದ ಮೇಲೆ ತುದಿಯಲ್ಲಿ ಹೂ ಬಿಡುತ್ತದೆ, ಒಮ್ಮೆ ಹೂ ಬಿಟ್ಟ ದಿಂಡು ಮತ್ತೆ ಹೂ ಬಿಡುವುದಿಲ್ಲ.

ದಾಸವಾಳವನ್ನೋ ಕಣಗಿಲೆಯನ್ನೋ ಸವರಿ ನಮಗೆ ಬೇಕಾದ ಎತ್ತರಕ್ಕೆ ನಿಲ್ಲಿಸಿಕೊಳ್ಳಬಹುದು. ಹೆಲಿಕೋನಿಯಾವನ್ನು ಹಾಗೆ ಮಾಡಲಾಗದು. ಹೂಮೊಗ್ಗು ದಿಂಡಿನ ನಡುವಿನಿಂದ ಮೇಲೇರಿ ಬರಬೇಕಾದ್ದರಿಂದ ತಲೆ ಕತ್ತರಿಸಿದ ದಿಂಡು ಹೂ ಕೊಡುವುದಿಲ್ಲ. ಎಂಟಡಿ ಬೆಳೆಯುವ ಗಿಡಕ್ಕೆ ಎಂಟಡಿ ಬಿಡಲೇಬೇಕು. ಬಿಡಲಾಗದಿದ್ದರೆ ಮೂರಡಿಯ ಗಿಡವನ್ನೇ ತರಬೇಕು.

ಇನ್ನೊಂದು ಮಾತು. ನಾವು ಹೂವೆಂದು ಮೆಚ್ಚುವ ಕೆಂಪು, ಕಿತ್ತಳೆ, ಗುಲಾಬಿ ಬಣ್ಣದ ಭಾಗ ಹೂವಲ್ಲ. ಗಟ್ಟಿಯಾದ, ದೋಣಿಯಾಕಾರದ ಹೂಪತ್ರ. ನಿಜವಾದ ಹೂಗಳು ಅದರೊಳಗೆ ಸಣ್ಣ ಕೊಳವೆಗಳಂತೆ ಅಡಗಿ, ಒಂದೊಂದಾಗಿ ಹೊರಗೆ ಇಣುಕುತ್ತವೆ. ಹೂಪತ್ರ ಗಟ್ಟಿಯಾಗಿರುವುದರಿಂದಲೇ ಗಿಡದ ಮೇಲೆ ವಾರಗಟ್ಟಲೆ ಬಣ್ಣ ಉಳಿಯುತ್ತದೆ. ಪರಿಮಳದ ಆಸೆಯಿದ್ದವರು ಇಲ್ಲಿಗೇ ಬಿಡಬಹುದು. ಬಹುತೇಕ ಹೆಲಿಕೋನಿಯಾಗಳು ಹಕ್ಕಿಗಳನ್ನು ಕರೆಯಲೆಂದು ಬಂದಂಥವು, ಹಕ್ಕಿಗೆ ಬಣ್ಣ ಸಾಕು. ತವರಿನಲ್ಲಿ ಹಮ್ಮಿಂಗ್‌ಬರ್ಡ್‌ಗಳು ಬರುತ್ತವೆ, ನಮ್ಮಲ್ಲಿ ಆ ಕೆಲಸಕ್ಕೆ ಸೂರಕ್ಕಿಗಳು ಬರುತ್ತವೆ. ಹೆಲಿಕೋನಿಯಾ ಬೆಳೆಸಲು ಇದೊಂದು ಕಾರಣವೇ ಸಾಕೆಂದು ನನಗನ್ನಿಸುತ್ತದೆ.

ಸಿಟಾಕೋರಮ್ ಬಳಗ: ಸಣ್ಣ ಜಾಗಕ್ಕೆ ಮೊದಲ ಆಯ್ಕೆ

ಸಿಟಾಕೋರಮ್ ಎಂಬುದು ಗಿಡ್ಡ ಜಾತಿ. ದಿಂಡು ಬೆರಳಿನಷ್ಟು ದಪ್ಪ, ಎಲೆ ಕಿರಿದು, ಹೂ ಮೇಲ್ಮುಖ. ಇದರಲ್ಲಿ ಹಲವು ತಳಿಗಳಿವೆ. ಕೆಂಪು ಹೂಪತ್ರ, ಕೆನೆಬಣ್ಣದ ಹೂವಿನ ‘ಲೇಡಿ ಡೈ’ ಎರಡೂವರೆ ಮೂರಡಿಯ ಆಸುಪಾಸಿನಲ್ಲಿ ನಿಲ್ಲುತ್ತದೆ. ಕಿತ್ತಳೆ ಕೆಂಪಿನ ‘ಆಂಡ್ರೋಮಿಡಾ’ ಅದಕ್ಕಿಂತ ತುಸು ಎತ್ತರ. ‘ಗೋಲ್ಡನ್ ಟಾರ್ಚ್’ ಸಿಟಾಕೋರಮ್ ಮತ್ತು ಸ್ಪಾಥೋಸರ್ಸಿನೇಟಾ ಎಂಬ ಇನ್ನೊಂದು ಪ್ರಭೇದದ ಮಿಶ್ರತಳಿ. ನಾಲ್ಕೈದು ಅಡಿ ಎತ್ತರ, ಹೊನ್ನಿನ ಹಳದಿ, ಎಲೆಯೂ ತುಸು ಅಗಲ. ನೆರಳಿನಲ್ಲಿ ನೆಟ್ಟರೆ ಇವೆಲ್ಲ ಇನ್ನಷ್ಟು ಉದ್ದವಾಗಿ ಬೆಳೆದು ಬಾಗುತ್ತವೆ, ಹೂವೂ ಕಡಿಮೆಯಾಗುತ್ತದೆ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವ ಕಡೆಯೇ ಇವುಗಳ ಜಾಗ.

ಗೆಡ್ಡೆ ನೆಟ್ಟ ನಾಲ್ಕರಿಂದ ಆರು ತಿಂಗಳಲ್ಲಿ ಹೂ ಶುರುವಾಗುತ್ತದೆ. ಆಮೇಲೆ ನೀರು ಗೊಬ್ಬರ ನಿಲ್ಲದಿದ್ದರೆ ವರ್ಷವಿಡೀ ಒಂದಲ್ಲ ಒಂದು ದಿಂಡಿನಲ್ಲಿ ಹೂ ಇದ್ದೇ ಇರುತ್ತದೆ. ಸೆಕೆ ಮತ್ತು ತೇವ ಎರಡೂ ಇರುವ ತಿಂಗಳುಗಳಲ್ಲಿ ಹೆಚ್ಚು, ಡಿಸೆಂಬರ್ ಜನವರಿಯ ಚಳಿಯಲ್ಲಿ ಕಡಿಮೆ. ಮನೆಯೊಳಗೆ ಹೂದಾನಿಗೆ ಬೇಕೆಂದರೆ ಈ ಬಳಗವೇ ಸರಿ. ಬೆಳಗಿನ ಹೊತ್ತು ದಿಂಡಿನ ಸಮೇತ ಉದ್ದವಾಗಿ ಕೊಯ್ದು ನೀರಿಗಿಟ್ಟರೆ ಒಂದೆರಡು ವಾರ ಇರುತ್ತದೆ. ಎರಡು ಮೂರು ಹೂಪತ್ರ ಬಿಚ್ಚಿದ ಮೇಲೆಯೇ ಕೊಯ್ಯಬೇಕು. ಕೊಯ್ದ ಮೇಲೆ ಹೆಲಿಕೋನಿಯಾ ಮತ್ತೆ ಅರಳುವುದಿಲ್ಲ. ತಾಜಾ ಇರಲೆಂದು ಫ್ರಿಜ್‌ನಲ್ಲಿಟ್ಟರೆ ತಂಪಿಗೆ ಹೂಪತ್ರ ಕಪ್ಪಾಗುತ್ತದೆ.

ಇದರ ಒಂದೇ ದೊಡ್ಡ ತೊಂದರೆ ಓಟ. ಸಿಟಾಕೋರಮ್ ಗೆಡ್ಡೆ ಒಂದೆಡೆ ಗುಂಪಾಗಿ ನಿಲ್ಲದೆ ಮಣ್ಣಿನ ಮೇಲ್ಪದರದಲ್ಲೇ ಉದ್ದಕ್ಕೆ ಹರಿಯುತ್ತದೆ. ಹಾಸು ಹುಲ್ಲಿನ ನಡುವೆಯೋ ಗುಲಾಬಿ ಪಾತಿಯ ಪಕ್ಕದಲ್ಲೋ ನೆಟ್ಟರೆ ಎರಡನೆಯ ಮಳೆಗಾಲಕ್ಕೆ ಅಲ್ಲೆಲ್ಲ ಕಂದು ಎದ್ದಿರುತ್ತದೆ. ಆದರೆ ಕಾಂಪೌಂಡ್ ಗೋಡೆಗೂ ಸಿಮೆಂಟು ದಾರಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ ಇದೇ ಗುಣ ವರವಾಗುತ್ತದೆ. ಎರಡೂ ಬದಿಯಲ್ಲಿ ತಡೆ ಇರುವುದರಿಂದ ಗೆಡ್ಡೆ ಉದ್ದಕ್ಕೆ ಮಾತ್ರ ಹರಿದು, ಮೂರ್ನಾಲ್ಕು ಗಿಡ ನೆಟ್ಟ ಪಟ್ಟಿಯನ್ನು ಎರಡು ವರ್ಷದಲ್ಲಿ ಹೂಬೇಲಿ ಮಾಡಿಬಿಡುತ್ತದೆ. ತೆರೆದ ಜಾಗದಲ್ಲಿ ನೆಡಲೇಬೇಕೆಂದಿದ್ದರೆ ಸುತ್ತ ಒಂದೂವರೆ ಅಡಿ ಆಳಕ್ಕೆ ಇಟ್ಟಿಗೆ, ಕಡಪ ಕಲ್ಲು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆಯ ತಡೆ ಹೂಳಿ. ನೆಡುವ ದಿನವೇ ಹೂಳಬೇಕು, ಹರಡಿದ ಮೇಲೆ ಹೂಳುವುದು ಎರಡು ಪಟ್ಟು ಕೆಲಸ.

ರೋಸ್ಟ್ರಾಟಾ: ಜಾಗವಿದ್ದವರ ಸಿರಿ

ಪೆರು, ಬೊಲಿವಿಯಾ, ಕೊಲಂಬಿಯಾ, ಈಕ್ವೆಡಾರ್ ಕಡೆಯ ಕಾಡುಗಳ ಗಿಡವಿದು. ಬೊಲಿವಿಯಾದ ಜನ ಇದನ್ನು ಪತುಹು ಎಂದು ಕರೆಯುತ್ತಾರೆ. ಆ ದೇಶದ 2009ರ ಸಂವಿಧಾನವು ಬೆಟ್ಟಸೀಮೆಯ ಕಂಟುಟಾ ಹೂವಿನ ಜೊತೆಗೆ ತಗ್ಗುನಾಡಿನ ಪತುಹುವನ್ನೂ ರಾಷ್ಟ್ರಲಾಂಛನಗಳ ಸಾಲಿಗೆ ಸೇರಿಸಿತು. ತಗ್ಗುನಾಡೆಂದರೆ ಸೆಕೆ, ಮಳೆ, ಕಾಡಿನಂಚಿನ ಅರೆಬಿಸಿಲು. ಕರಾವಳಿ ಮತ್ತು ಮಲೆನಾಡಿನಲ್ಲಿ ರೋಸ್ಟ್ರಾಟಾ ಹುಟ್ಟೂರಿನಲ್ಲಿರುವಷ್ಟೇ ನೆಮ್ಮದಿಯಾಗಿ ಬೆಳೆಯುವುದಕ್ಕೆ ಇದೇ ಕಾರಣ.

ಸಾಮಾನ್ಯವಾಗಿ ಐದರಿಂದ ಎಂಟು ಅಡಿ, ಫಲವತ್ತಾದ ಮಣ್ಣು ಸಿಕ್ಕರೆ ಇನ್ನೂ ಎತ್ತರ. ಗೊಂಚಲು ಇಳಿಬೀಳುವುದರಿಂದ ಅದನ್ನು ನೋಡಲು ಗಿಡದ ಎದುರು ತುಸು ಖಾಲಿ ಜಾಗ ಬೇಕು. ನೆಟ್ಟ ಮೊದಲ ವರ್ಷ ಎಲೆಯಷ್ಟೇ ಎಂದುಕೊಂಡು ನೆಡುವುದು ಒಳ್ಳೆಯದು. ಹೂ ಬಿಡುವುದು ಬಲಿತ ದಿಂಡುಗಳು ಮಾತ್ರ. ಹೊಸ ಕಂದುಗಳನ್ನು ಅವಸರದಿಂದ ತೆಗೆಯುವ ಮನೆಯಲ್ಲಿ ರೋಸ್ಟ್ರಾಟಾ ಹೂ ಬಿಡುವುದೇ ಇಲ್ಲ. ನಮ್ಮಲ್ಲಿ ಬೇಸಿಗೆಯಿಂದ ಮಳೆಗಾಲದವರೆಗೆ ಹೂವಿನ ಭರ. ಒಂದೊಂದು ಗೊಂಚಲೂ ವಾರಗಟ್ಟಲೆ ನಿಲ್ಲುತ್ತದೆ.

ಹರಡುವ ವಿಷಯದಲ್ಲಿ ಇದು ಸಿಟಾಕೋರಮ್‌ನಷ್ಟು ಓಡುವುದಿಲ್ಲ, ಆದರೆ ನಿಂತಲ್ಲೇ ನಿಲ್ಲುವುದೂ ಇಲ್ಲ. ಮೆಳೆ ವರ್ಷವರ್ಷಕ್ಕೆ ಹೊರಕ್ಕೆ ಸರಿಯುತ್ತದೆ, ನಡುಭಾಗ ಹಳತಾಗಿ ಖಾಲಿಯಾಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ನಡುವಿನ ಹಳೆಯ ಗೆಡ್ಡೆ ಕಿತ್ತು, ಗೊಬ್ಬರ ತುಂಬಿ, ಅಂಚಿನ ಒಳ್ಳೆಯ ಗೆಡ್ಡೆಯನ್ನು ಮತ್ತೆ ನಡುವೆ ನೆಡಬೇಕಾಗುತ್ತದೆ. ಕನಿಷ್ಠ ಆರಡಿ ಅಗಲ, ಆರಡಿ ಉದ್ದದ ಜಾಗ ಬಿಟ್ಟುಕೊಡಬಲ್ಲವರು ಮಾತ್ರ ಇದನ್ನು ತರಬೇಕು ಎನ್ನುತ್ತೇನೆ.

ಹಳ್ಳಿಮನೆಗಳಲ್ಲಿ ರೋಸ್ಟ್ರಾಟಾಕ್ಕೆ ಬಚ್ಚಲ ಹಿಂದಿನ ಜಾಗ ಸಿಗುವುದು ಸಾಮಾನ್ಯ, ಬಾಳೆಯ ಸಾಲಿನಲ್ಲೇ ಅದನ್ನೂ ನೆಡುತ್ತಾರೆ. ನೀರು ಸದಾ ಸಿಗುತ್ತದೆ ಎಂಬುದು ನಿಜ. ಆದರೆ ಸೋಪು ನೀರು ಕ್ಷಾರ. ಬಾಳೆ ಅದನ್ನು ಸಹಿಸಿಕೊಂಡೀತು, ಹೆಲಿಕೋನಿಯಾದ ಎಲೆ ಹಳದಿಗೆ ತಿರುಗುತ್ತದೆ. ಬಚ್ಚಲ ನೀರಿನ ದಾರಿಯಿಂದ ನಾಲ್ಕಾರು ಅಡಿ ದೂರದಲ್ಲಿ ನೆಟ್ಟರೆ ತೇವವೂ ಸಿಕ್ಕೀತು, ಸೋಪೂ ತಪ್ಪೀತು.

ಬಿಹಾಯ್ ಮತ್ತು ಕ್ಯಾರಿಬಿಯಾ: ತೋಟದ ಅಂಚಿಗೆ

ಇವು ದೈತ್ಯರು. ಎಂಟರಿಂದ ಹದಿನೈದು ಅಡಿ, ಎಲೆ ಬಾಳೆಯೆಲೆಯಷ್ಟೇ ಅಗಲ. ಹೂಪತ್ರಗಳು ಒಂದರ ಮೇಲೊಂದು ಸೇರಿಕೊಂಡು ಕೆಂಪು, ಹಳದಿ, ಕೆಲವು ತಳಿಗಳಲ್ಲಿ ಕಡುಗೆಂಪಿನಲ್ಲಿ ನೆಟ್ಟಗೆ ನಿಲ್ಲುತ್ತವೆ. ಮದುವೆ ಮಂಟಪದ ದೊಡ್ಡ ಹೂಜೋಡಣೆಗಳಿಗೆ ಇಂಥ ಭಾರಿ ದಿಂಡುಗಳೇ ಬೇಕು. ನಗರದ ಸೈಟಿಗೆ ಇವನ್ನು ನಾನು ಹೇಳುವುದಿಲ್ಲ. ಅಡಿಕೆ ತೋಟದ ಅಂಚು, ಕೆರೆಯ ದಂಡೆ, ವಿಶಾಲವಾದ ಹಿತ್ತಲು ಇದ್ದವರಿಗೆ ಮಾತ್ರ. ಗೆಡ್ಡೆ ಒತ್ತಾಗಿ ಗುಂಪುಗಟ್ಟುವುದರಿಂದ ಹರಡುವ ಭಯ ಕಡಿಮೆ. ಆದರೆ ಹೂವಿಗೆ ಒಂದರಿಂದ ಎರಡು ವರ್ಷ ಕಾಯಬೇಕು.

ಕೆರಿಬಿಯನ್ ದ್ವೀಪಗಳಲ್ಲಿ ಈ ಎರಡು ಗಿಡಗಳಿಗೂ ನೇರಳೆ ಕೊರಳಿನ ಒಂದು ಹಮ್ಮಿಂಗ್‌ಬರ್ಡ್‌ಗೂ ಇರುವ ಸಂಬಂಧ ಜೀವವಿಜ್ಞಾನಿಗಳ ನಡುವೆ ಹೆಸರಾದದ್ದು. ಆ ಹಕ್ಕಿಯ ಹೆಣ್ಣಿನ ಕೊಕ್ಕು ಉದ್ದ ಮತ್ತು ಹೆಚ್ಚು ಬಾಗಿದ್ದು, ಅದು ಬಿಹಾಯ್‌ನ ಉದ್ದ ಬಾಗಿದ ಹೂವಿಗೆ ಸರಿಹೊಂದುತ್ತದೆ. ಗಂಡಿನ ಗಿಡ್ಡ ಕೊಕ್ಕು ಕ್ಯಾರಿಬಿಯಾದ ಗಿಡ್ಡ ಹೂವಿಗೆ ಹೊಂದುತ್ತದೆ. ಒಂದೇ ಹಕ್ಕಿಯ ಗಂಡು ಹೆಣ್ಣು ಎರಡು ಹೂಗಳನ್ನು ಹಂಚಿಕೊಂಡಿವೆ. ಗಿಡ ಆರಿಸಲು ಇದು ನೆರವಾಗದು, ಆದರೂ ಇಂಥ ಗಿಡವನ್ನು ಮನೆಗೆ ತರುವವರಿಗೆ ತಿಳಿದಿರಲಿ ಎಂದು ಹೇಳುತ್ತಿದ್ದೇನೆ.

ಇವುಗಳ ವಿಷಯದಲ್ಲಿ ಗಂಭೀರವಾಗಿ ಯೋಚಿಸಬೇಕಾದದ್ದು ನೀರು ನಿಲ್ಲುವುದು. ಮೇಲ್ಮುಖವಾದ ದೊಡ್ಡ ಹೂಪತ್ರಗಳು ಮಳೆನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಅವುಗಳ ತವರಿನಲ್ಲಿ ಈ ಪುಟ್ಟ ಕೊಳಗಳಲ್ಲಿ ಸೊಳ್ಳೆಮರಿಗಳೂ ಇನ್ನಿತರ ಹುಳುಗಳೂ ಬದುಕುವುದು ಗೊತ್ತಿರುವ ಸಂಗತಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ಒಂದಿಷ್ಟು ನಿಂತ ನೀರು ಸಾಕು. ಕರಾವಳಿ, ಮಲೆನಾಡಿನಲ್ಲಿ ತಿಂಗಳುಗಟ್ಟಲೆ ಮಳೆ ಸುರಿಯುವಾಗ ಮಲಗುವ ಕೋಣೆಯ ಕಿಟಕಿಯ ಪಕ್ಕದಲ್ಲಿ ಇಂಥ ಗಿಡ ಬೇಡ. ನೆಟ್ಟಿದ್ದರೆ ಮಳೆ ಬಿಟ್ಟಾಗಲೆಲ್ಲ ದಿಂಡನ್ನು ಬಗ್ಗಿಸಿ ನೀರು ಚೆಲ್ಲಬೇಕು, ಹಳತಾದ ಹೂಗಳನ್ನು ಉಳಿಸದೆ ಕತ್ತರಿಸಬೇಕು. ಇಳಿಬೀಳುವ ಜಾತಿಗಳಿಗೆ ಈ ಕಾಟ ಕಡಿಮೆ, ಸಿಟಾಕೋರಮ್‌ನ ಕಿರಿದಾದ ಹೂಪತ್ರಗಳಲ್ಲೂ ಹೆಚ್ಚು ನೀರು ನಿಲ್ಲುವುದಿಲ್ಲ. ಮಕ್ಕಳಿರುವ ಮನೆಯವರು ಕೇಳಿದಾಗ ನಾನು ದೊಡ್ಡ ಜಾತಿಗಳನ್ನು ಬದಿಗಿಡುವುದು ಮುಖ್ಯವಾಗಿ ಈ ಕಾರಣಕ್ಕೆ.

ಕುಂಡಕ್ಕೆ ಯಾವುದು

ನಿಜವಾಗಿ ಕುಂಡಕ್ಕೆಂದೇ ಹೇಳಬಹುದಾದದ್ದು ಸ್ಟ್ರಿಕ್ಟಾ ಪ್ರಭೇದದ ‘ಡ್ವಾರ್ಫ್ ಜಮೈಕನ್’. ಒಂದೂವರೆಯಿಂದ ಎರಡೂವರೆ ಅಡಿ, ಗುಂಪಾಗಿ ಬೆಳೆಯುತ್ತದೆ, ಹೂಪತ್ರ ತಿಳಿಗೆಂಪು. ಪೂರ್ತಿ ಬಿಸಿಲು ಇದಕ್ಕೆ ಬೇಡ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಪೂರ್ವದಿಕ್ಕಿನ ಬಾಲ್ಕನಿ ಹೇಳಿ ಮಾಡಿಸಿದಂತಿರುತ್ತದೆ. ಹದಿನಾಲ್ಕು ಅಂಗುಲದ ಅಗಲವಾದ ಕುಂಡ ಸಾಕು. ಆದರೆ ಇದು ಎಲ್ಲ ನರ್ಸರಿಗಳಲ್ಲೂ ಸಿಗುವುದಿಲ್ಲ, ಹುಡುಕಬೇಕು.

ಸಿಗದಿದ್ದರೆ ‘ಲೇಡಿ ಡೈ’ಯನ್ನು ಕುಂಡದಲ್ಲಿ ಬೆಳೆಸಬಹುದು. ಆಳಕ್ಕಿಂತ ಅಗಲ ಮುಖ್ಯ, ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ ಚೆನ್ನಾಗಿ ಒದಗುತ್ತದೆ. ವರ್ಷದೊಳಗೆ ಗೆಡ್ಡೆ ಕುಂಡದ ಗೋಡೆಗೆ ತಾಗಿ ಸುತ್ತತೊಡಗುತ್ತದೆ. ಆಗ ಹೊರಗೆ ತೆಗೆದು, ಹಳೆಯದನ್ನು ಕತ್ತರಿಸಿ, ಹೊಸ ಮಣ್ಣಿಗೆ ಹಾಕಬೇಕು. ಈ ವಾರ್ಷಿಕ ಕೆಲಸಕ್ಕೆ ಬೇಸರಪಡುವವರು ಕುಂಡದಲ್ಲಿ ಹೆಲಿಕೋನಿಯಾ ಬೆಳೆಸಬಾರದು. ತಾರಸಿಯ ಮೇಲೆ ರೋಸ್ಟ್ರಾಟಾ ಇಡುವ ಯೋಚನೆಯನ್ನೂ ಬಿಡಿ. ಗಾಳಿಗೆ ಎಲೆ ಸೀಳುತ್ತದೆ, ಕಾಂಕ್ರೀಟಿನ ಕಾವಿಗೆ ಬೇರು ಬೇಯುತ್ತದೆ, ಗಿಡ ಸಾಯದಿದ್ದರೂ ಹೂವಂತೂ ಕಾಣದು.

ಇನ್ನುಳಿದವು

ವ್ಯಾಗ್ನೇರಿಯಾನಾ ಮಧ್ಯ ಅಮೆರಿಕದ್ದು. ಗುಲಾಬಿಗೆಂಪು, ಕೆನೆಹಳದಿ, ಹಸಿರಂಚು ಮೂರೂ ಒಂದೇ ಹೂಪತ್ರದಲ್ಲಿ ಇರುತ್ತವೆ. ಹಗಲು ಕಿರಿದಾದಾಗ ಮೊಗ್ಗು ಕಟ್ಟುವ ಜಾತಿಯಾದ್ದರಿಂದ ವರ್ಷದ ಮೊದಲ ತಿಂಗಳುಗಳಲ್ಲಿ ಮಾತ್ರ ಹೂ. ವರ್ಷಕ್ಕೊಮ್ಮೆಯ ಹೂವಿಗಾಗಿ ಆಳೆತ್ತರದ ಮೆಳೆ ಸಾಕುವ ಮನಸ್ಸು, ಜಾಗ ಎರಡೂ ಬೇಕು. ಲ್ಯಾಟಿಸ್ಪಾಥಾ ಕಿತ್ತಳೆ ಬಣ್ಣದ್ದು, ಗಟ್ಟಿಮುಟ್ಟು, ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಆದರೆ ಬೇಗ ಹರಡುತ್ತದೆ. ಮನೆ ಮರೆಮಾಡಲು ಹಸಿರು ಗೋಡೆ ಬೇಕೆಂದರೆ ಮಾತ್ರ. ಚಾರ್ಟೇಸಿಯಾದ ಗುಲಾಬಿ ಬಣ್ಣದ ‘ಸೆಕ್ಸಿ ಪಿಂಕ್’ ತಳಿ ಸಂಗ್ರಹಕಾರರ ಅಚ್ಚುಮೆಚ್ಚು: ಇಳಿಬೀಳುವ ಗೊಂಚಲು, ಮೇಣದ ಬಿಳಿ ಪುಡಿ ಹಚ್ಚಿದಂಥ ಎಲೆ. ಹತ್ತಡಿ ಮೀರಿ ಬೆಳೆಯುವ ಇದಕ್ಕೆ ಮೊದಲ ಗಿಡವಾಗುವ ಯೋಗ್ಯತೆಯಿಲ್ಲ. ರೋಸ್ಟ್ರಾಟಾವನ್ನು ಚೆನ್ನಾಗಿ ಬೆಳೆಸಿದವರು ಎರಡನೆಯದಾಗಿ ತರಬಹುದು.

ಊರು ಯಾವುದು ಎಂಬುದರ ಮೇಲೆ

ಹೆಲಿಕೋನಿಯಾಕ್ಕೆ 20ರಿಂದ 35 ಡಿಗ್ರಿಯ ನಡುವಿನ ತಾಪ ಹಿತ. 15ಕ್ಕಿಂತ ಕೆಳಗಿಳಿದರೆ ಬೆಳವಣಿಗೆ ಮಂದವಾಗುತ್ತದೆ, 10ರ ಹತ್ತಿರ ಎಲೆಗೆ ಪೆಟ್ಟು. ಕರ್ನಾಟಕದ ಹೆಚ್ಚಿನ ಕಡೆ ಚಳಿ ಅದನ್ನು ಕೊಲ್ಲುವಷ್ಟಿಲ್ಲ. ಕೊಲ್ಲುವುದು ಒಣ ಗಾಳಿ.

ಮಂಗಳೂರು, ಉಡುಪಿ, ಕುಮಟಾ, ಕಾರವಾರದ ಕಡೆ ಆಯ್ಕೆಗೆ ಮಿತಿಯಿಲ್ಲ. ಜಂಬಿಟ್ಟಿಗೆ ಮಣ್ಣು ಹುಳಿಯಾಗಿದ್ದು ಹೆಲಿಕೋನಿಯಾಕ್ಕೆ ಒಗ್ಗುತ್ತದೆ. ಆದರೆ ಆ ಮಣ್ಣಿನಲ್ಲಿ ಸಾರ ಬೇಗ ತೊಳೆದುಹೋಗುವುದರಿಂದ ಮಳೆಗಾಲ ಮುಗಿದ ಮೇಲೆ ಗೊಬ್ಬರ ಕೊಡಲೇಬೇಕು. ಮಳೆ ನಿಂತ ಮೇಲಿನ ಏಳೆಂಟು ತಿಂಗಳು ನೀರು ಬಿಡಲೂಬೇಕು. ಮಳೆಯೂರಿನ ಗಿಡವೆಂದು ಬೇಸಿಗೆಯಲ್ಲಿ ಮರೆತುಬಿಡುವುದರಿಂದಲೇ ಕರಾವಳಿಯಲ್ಲಿ ಮೆಳೆಗಳು ಒಣಗುವುದು.

ಮಲೆನಾಡಿನಲ್ಲಿ ಬಿಸಿಲಿನ ಕೊರತೆಯದೇ ಚಿಂತೆ. ಸುತ್ತ ಮರಗಳಿರುವ ಮನೆಯಂಗಳದಲ್ಲಿ ಸಿಟಾಕೋರಮ್ ಬರೀ ಎಲೆಯಾಗುತ್ತದೆ. ಅಲ್ಲಿ ರೋಸ್ಟ್ರಾಟಾವೇ ಮೇಲು, ಅರೆನೆರಳಿನಲ್ಲೂ ಅದು ಹೂ ಕೊಡುತ್ತದೆ. ಇಲ್ಲಿನವರು ಕೇಳುವ ಇನ್ನೊಂದು ಪ್ರಶ್ನೆ ಹಾವಿನದು. ಹಾವು ಹೆಲಿಕೋನಿಯಾಕ್ಕಾಗಿ ಬರುವುದಿಲ್ಲ, ಒತ್ತಾದ ಮೆಳೆಯ ತಂಪಿನಲ್ಲಿ ಸೇರುವ ಕಪ್ಪೆ, ಇಲಿಗಾಗಿ ಬರಬಹುದು. ಆದ್ದರಿಂದ ಬಾಗಿಲು, ಬಚ್ಚಲು, ಮಕ್ಕಳಾಡುವ ಜಾಗದಿಂದ ದೂರ ನೆಟ್ಟು, ಬುಡದ ಒಣಗಿದ ದಿಂಡುಗಳನ್ನು ಆಗಾಗ ತೆಗೆದು, ಕೈಹಾಕುವ ಮೊದಲು ಕೋಲಿನಿಂದ ಸರಿಸಿ ನೋಡುವುದು ಒಳ್ಳೆಯ ರೂಢಿ.

ಅಡಿಕೆ, ಕಾಳುಮೆಣಸು ಇರುವ ತೋಟಗಾರರಿಗೆ ಒಂದು ಎಚ್ಚರಿಕೆ. ಬಾಳೆ, ಅಡಿಕೆ, ಮೆಣಸಿನ ಬಳ್ಳಿಗಳ ಬೇರನ್ನು ಕೊರೆಯುವ ಜಂತುಹುಳು ಹೆಲಿಕೋನಿಯಾದ ಬೇರಿನಲ್ಲೂ ಬದುಕಬಲ್ಲದು. ಮೆಣಸಿನ ನಿಧಾನ ಸೊರಗು ರೋಗದಲ್ಲಿ ಇದರ ಪಾಲು ದೊಡ್ಡದು. ಎಲ್ಲಿಂದಲೋ ತಂದ ಗೆಡ್ಡೆಯನ್ನು ನೇರವಾಗಿ ಮೆಣಸಿನ ಬಳ್ಳಿಯ ಬುಡದ ಪಕ್ಕ ನೆಡಬೇಡಿ. ಮೊದಲು ಮನೆಯಂಗಳದಲ್ಲಿ ಪ್ರತ್ಯೇಕವಾಗಿ ಬೆಳೆಸಿ, ಬೇರು ಬಿಳಿಯಾಗಿ ಆರೋಗ್ಯವಾಗಿದೆಯೇ ಎಂದು ನೋಡಿಕೊಂಡೇ ತೋಟದೊಳಗೆ ಒಯ್ಯಿರಿ.

ಬೆಂಗಳೂರು, ಮೈಸೂರು, ತುಮಕೂರಿನಲ್ಲಿ ಗಿಡಕ್ಕಿಂತ ನೀರಿನ ಸಮಸ್ಯೆ ದೊಡ್ಡದು. ಕೊಳವೆಬಾವಿಯ ಗಡಸು ನೀರನ್ನು ವರ್ಷಗಟ್ಟಲೆ ಹಾಕಿದಾಗ ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡ ಹೀರಿಕೊಳ್ಳಲಾರದು. ಹೊಸ ಎಲೆ ನರಗಳಷ್ಟೇ ಹಸಿರಾಗಿ ಉಳಿದು ಮಿಕ್ಕದ್ದೆಲ್ಲ ಹಳದಿಯಾಗುವುದು ಇದರ ಗುರುತು. ಅನೇಕರು ಇದನ್ನು ಗೊಬ್ಬರದ ಕೊರತೆ ಎಂದು ತಿಳಿದು ಯೂರಿಯಾ ಸುರಿಯುತ್ತಾರೆ, ಎಲೆ ಹಸಿರಾಗುವುದಿಲ್ಲ. ಗಿಡ ಸುಲಭವಾಗಿ ಹೀರಿಕೊಳ್ಳುವ ರೂಪದ ಕೀಲೇಟೆಡ್ ಕಬ್ಬಿಣವನ್ನು ಎಲೆಗೆ ಸಿಂಪಡಿಸಿದರೆ ಸದ್ಯಕ್ಕೆ ಚೇತರಿಕೆ. ತರಗೆಲೆ, ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸೇರಿಸಿ ಮಣ್ಣನ್ನು ತುಸು ಹುಳಿಗೆ ತರುವುದು ದೀರ್ಘಕಾಲದ ಉಪಾಯ. ತಾರಸಿಯ ಮಳೆನೀರನ್ನು ನೆಲದೊಳಗಿನ ಸಂಪ್ ತೊಟ್ಟಿಗೆ ಇಳಿಸಿಕೊಂಡವರು ಅದರಲ್ಲಿ ಒಂದು ಪಾಲನ್ನು ಹೆಲಿಕೋನಿಯಾಕ್ಕೆ ಮೀಸಲಿಟ್ಟರೆ ಎಲೆಯ ಬಣ್ಣದಲ್ಲೇ ವ್ಯತ್ಯಾಸ ಕಾಣುತ್ತದೆ. ಈ ಊರುಗಳಿಗೆ ನನ್ನ ಆಯ್ಕೆ ‘ಗೋಲ್ಡನ್ ಟಾರ್ಚ್’. ಜಾಗವಿದ್ದರೆ ಗಾಳಿ ತಡೆಯುವ ಗೋಡೆಯ ಮಗ್ಗುಲಲ್ಲಿ ಒಂದು ರೋಸ್ಟ್ರಾಟಾ.

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಪ್ರಾಮಾಣಿಕವಾಗಿ ಹೇಳುವುದಾದರೆ, ಹೆಲಿಕೋನಿಯಾ ಹಟದ ಗಿಡ. ಎಲೆಯಂಚು ಸುಡುತ್ತದೆ, ಕೆಂಪು ನುಸಿ ಬೀಳುತ್ತದೆ, ಎರೆಮಣ್ಣು ಮಳೆಯಲ್ಲಿ ನೀರು ಹಿಡಿದು ಗೆಡ್ಡೆ ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಕಡಿಯುತ್ತದೆ. ಮಾವಿನ ಮರದ ಪೂರ್ವಕ್ಕೆ ಎತ್ತರದ ಮಡಿ ಮಾಡಿ, ದಪ್ಪ ಹೊದಿಕೆ ಹಾಸಿ, ದಿನವೂ ನೀರು ಕೊಡಬಲ್ಲವರು ಸಿಟಾಕೋರಮ್ ಪ್ರಯತ್ನಿಸಬಹುದು. ಉಳಿದವರಿಗೆ ಕ್ಯಾನಾ ಒಳ್ಳೆಯದು. ಅದೇ ಬಾಳೆಯೆಲೆಯ ಸೊಗಸು, ಅದೇ ಕೆಂಪು ಹಳದಿ, ಬಿಸಿಲಿಗೂ ಎರೆಮಣ್ಣಿಗೂ ಹೆದರದ ಗುಣ. ಧಾರವಾಡ, ಬೆಂಗಳೂರಿನ ತಂಪು ಹವೆಯಲ್ಲಿ ಇನ್ನೊಂದು ದಾರಿಯಿದೆ: ದಕ್ಷಿಣ ಆಫ್ರಿಕಾದ ಬರ್ಡ್ ಆಫ್ ಪ್ಯಾರಡೈಸ್. ಇದು ಸ್ಟ್ರೆಲಿಟ್ಜಿಯಾ, ಹೆಲಿಕೋನಿಯಾ ಅಲ್ಲ. ಕಿತ್ತಳೆ ಮತ್ತು ನೀಲಿಯ ಹೂ, ತೊಗಲಿನಂತೆ ಗಟ್ಟಿಯಾದ ಎಲೆ, ಚಳಿ ಮತ್ತು ಒಣಹವೆ ತಾಳುವ ಶಕ್ತಿ. ಹೂವಿಗೆ ಕೆಲವು ವರ್ಷ ಕಾಯುವ ತಾಳ್ಮೆ ಮಾತ್ರ ಬೇಕು. ನರ್ಸರಿಗಳಲ್ಲಿ ಹೆಲಿಕೋನಿಯಾವನ್ನೂ ಇದೇ ಹೆಸರಿನಿಂದ ಮಾರುವುದುಂಟು, ಆದ್ದರಿಂದ ಎಲೆ ಮುಟ್ಟಿ ನೋಡಿ ಕೊಳ್ಳಿ.

ಕೊಳ್ಳುವಾಗ, ನೆಡುವಾಗ

ಚೀಟಿ ನಂಬಿ ಕೊಳ್ಳಬೇಡಿ, ಹೂ ಬಿಟ್ಟ ಮೆಳೆಯಿಂದ ಬಂದ ಗಿಡವನ್ನೇ ಕೇಳಿ. ಎಲೆಯನ್ನಷ್ಟೇ ನೋಡಿ ಬಿಹಾಯ್ ಯಾವುದು, ರೋಸ್ಟ್ರಾಟಾ ಯಾವುದು ಎಂದು ಹೇಳುವುದು ಮಾರುವವರಿಗೂ ಕಷ್ಟ. ದಿಂಡು ಬೆರಳಿನಷ್ಟೇ ದಪ್ಪವಿದ್ದು ಎಲೆ ಕಿರಿದಾಗಿದ್ದರೆ ಸಿಟಾಕೋರಮ್ ಬಳಗ ಎಂದು ತಕ್ಕಮಟ್ಟಿಗೆ ನಂಬಬಹುದು. ನೆಂಟರ ಮನೆಯಿಂದ ಗೆಡ್ಡೆ ತರುವುದು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಗಿಡ ಎಷ್ಟು ಎತ್ತರ, ಎಷ್ಟು ಹರಡುತ್ತದೆ ಎಂಬುದು ಕಣ್ಣೆದುರೇ ಇರುತ್ತದೆ.

ಗೆಡ್ಡೆಯಲ್ಲಿ ಒಂದೆರಡು ಉಬ್ಬಿದ ಕಣ್ಣು ಮತ್ತು ಒಂದಡಿ ಉದ್ದದ ದಿಂಡು ಇರಬೇಕು. ಮಣ್ಣು ಪೂರ್ತಿ ತೊಳೆದು, ಕಪ್ಪಾದ ಭಾಗ ಕತ್ತರಿಸಿ, ಲೀಟರಿಗೆ ಮೂರು ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಅದ್ದಿ, ನೆರಳಿನಲ್ಲಿ ಆರಿಸಿ. ಗುಂಡಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ, ಗೆಡ್ಡೆಯನ್ನು ಎರಡು ಮೂರು ಅಂಗುಲಕ್ಕಿಂತ ಆಳಕ್ಕೆ ಹೂಳದೆ ನೆಡಿ. ಹಳೆಯ ದಿಂಡು ಒಣಗಿದರೆ ಗಾಬರಿ ಬೇಡ, ಹೊಸ ಕಂದು ಕಣ್ಣಿನಿಂದ ಬರುತ್ತದೆ. ಮೈದಾನ ಸೀಮೆಯಲ್ಲಿ ಜೂನ್ ಮಳೆ ಹಿಡಿದಾಗ ನೆಡುವುದು ಸರಿ. ಕರಾವಳಿ, ಮಲೆನಾಡಿನಲ್ಲಿ ಜುಲೈ ಸುರಿತಕ್ಕೆ ಸಿಕ್ಕಿದ ಹೊಸ ಗೆಡ್ಡೆ ಕೊಳೆಯುವುದರಿಂದ ಮೇ ತಿಂಗಳ ಮೊದಲ ಮಳೆಗೆ ಅಥವಾ ಸೆಪ್ಟೆಂಬರ್‌ನಲ್ಲಿ ನೆಡಬೇಕು. ಆಫ್ರಿಕನ್ ಬಸವನಹುಳು ಇರುವ ಊರಾದರೆ ಎಳೆಯ ಕಂದುಗಳನ್ನು ರಾತ್ರಿ ಟಾರ್ಚ್ ಹಿಡಿದು ಕಾಯಬೇಕಾಗುತ್ತದೆ.

ಹೂ ಮುಗಿದ ದಿಂಡನ್ನು ನೆಲಮಟ್ಟಕ್ಕೆ ಕತ್ತರಿಸಿ, ತುಂಡರಿಸಿ ಅದೇ ಬುಡಕ್ಕೆ ಹಾಕಿ. ಹೂ ಬಿಡದ ದಿಂಡನ್ನು, ಎಲೆ ಎಷ್ಟು ಹರಿದು ಚಿಂದಿಯಾಗಿದ್ದರೂ, ಮುಟ್ಟಬೇಡಿ.